ಆಯಾಸ ಎಂಬ ಒಂದು ಮಾತು

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಮನೆಯ ಮಾತು ಕನ್ನಡ, ಆಸ್ಪತ್ರೆಯ ಮಾತು ತೆಲುಗು ಆಗಿರುವ ಕುಟುಂಬಗಳು ಅನೇಕ. ಮಗುವಿಗೆ ಕಾಯಿಲೆಯಾದಾಗ ತಾಯಿಗೂ ವೈದ್ಯರಿಗೂ ನಡುವೆ ದುಭಾಷಿಯಾಗಿ ನಿಲ್ಲುವವರು ಬಹುಮಟ್ಟಿಗೆ ಮನೆಯ ವಿದ್ಯಾವಂತರು, ಅಂದರೆ ನೀವು.

'ಆಯಾಸಂ ಉಂದಾ?' ಎಂದು ದಾದಿ ಕೇಳುತ್ತಾಳೆ ಎನ್ನೋಣ. ತೆಲುಗಿನಲ್ಲಿ ಅದಕ್ಕೆ ಏದುಸಿರು ಎಂದರ್ಥ. ಕನ್ನಡದ ತಾಯಿ ಅದನ್ನು ದಣಿವೆಂದು ತಿಳಿದು 'ಇಲ್ಲ' ಎಂದರೆ, ಒಂದು ಮುಖ್ಯ ಅಪಾಯಸೂಚನೆ ಅಲ್ಲಿಯೇ ಮರೆಯಾಗುತ್ತದೆ. ಮರಾಠಿ, ಕನ್ನಡ ಎರಡರಲ್ಲಿಯೂ ಓದಿದ ನನಗೆ ಇಂಥ ಪದಗಳ ಪರಿಚಯ ಬಾಲ್ಯದಿಂದಲೇ ಇದೆ. ಮರಾಠಿಯ 'ಅನುಮಾನ' ತರ್ಕದ ಊಹೆ; ನಮ್ಮದು ಸಂಶಯ. ತರಗತಿಯಲ್ಲಿ ಇದು ವಿನೋದ, ಆಸ್ಪತ್ರೆಯಲ್ಲಿ ಅಲ್ಲ.

ವೈದ್ಯರು 'ಸೆಪ್ಸಿಸ್' ಎನ್ನುವುದನ್ನು ನಾವು 'ನಂಜು' ಎನ್ನುತ್ತೇವೆ. ಗ್ರೀಕ್ ಪದಕ್ಕೆ ಕೊಳೆಯುವಿಕೆ ಎಂಬ ಅರ್ಥ, ನಮ್ಮದಕ್ಕೆ ವಿಷ ಎಂಬ ಅರ್ಥ. ಎರಡೂ ಕೀವುಗಟ್ಟಿದ ಗಾಯವನ್ನೇ ನೆನಪಿಗೆ ತರುತ್ತವೆ; ಬದನೆಕಾಯಿ ಬಿಟ್ಟು ಪಥ್ಯ ಮಾಡಿದರೆ ಸಾಕೆಂಬ ಭಾವನೆಯೂ ಉಂಟಾಗುತ್ತದೆ. ವಾಸ್ತವದಲ್ಲಿ ಸೆಪ್ಸಿಸ್ ಎಂದರೆ, ಸೋಂಕನ್ನು ಎದುರಿಸಲು ಎದ್ದ ಶರೀರದ ಪ್ರತಿಕ್ರಿಯೆಯೇ ಹದ ತಪ್ಪಿ ತನ್ನ ಅಂಗಾಂಗಗಳಿಗೆ ಹಾನಿ ಮಾಡುವ ಸ್ಥಿತಿ. ಶ್ವಾಸಕೋಶ, ಮೂತ್ರಕೋಶ, ಕರುಳು, ನವಜಾತ ಶಿಶುವಿನ ಹೊಕ್ಕುಳು, ಎಲ್ಲಿಯ ಸೋಂಕಿನಿಂದಲೂ ಅದು ಬರಬಹುದು. 2017ರಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 2 ಕೋಟಿ ಮಕ್ಕಳಿಗೆ ಸೆಪ್ಸಿಸ್ ತಗುಲಿತೆಂದು ಅಂದಾಜು.

ಅದನ್ನು ಗುರುತಿಸಲು ಯಂತ್ರವೇ ಬೇಕೆಂದಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು ಹಳ್ಳಿಯ ಹೆಣ್ಣುಮಕ್ಕಳಿಗೆ ಇಂಥ ಲಕ್ಷಣಗಳನ್ನು ಗುರುತಿಸಿ ಆರೈಕೆ ಮಾಡಲು ಕಲಿಸಿದರು. 39 ಹಳ್ಳಿಗಳಲ್ಲಿ ನಡೆದ ಈ ಪ್ರಯೋಗದ ಫಲಿತಾಂಶ 1999ರಲ್ಲಿ ಪ್ರಕಟವಾಯಿತು: ಹೋಲಿಕೆಯ ಹಳ್ಳಿಗಳಿಗಿಂತ ಅಲ್ಲಿ ನವಜಾತ ಶಿಶುಮರಣ ಮೂರನೆಯ ವರ್ಷದ ಹೊತ್ತಿಗೆ ಶೇಕಡಾ 62ರಷ್ಟು ಇಳಿದಿತ್ತು. ಇಂದು ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಬಂದು ಮಗುವನ್ನು ನೋಡುವ ಪದ್ಧತಿಯ ಹಿಂದೆ ಈ ಅನುಭವವಿದೆ.

ನೀವು ಗಮನಿಸಬೇಕಾದ ಲಕ್ಷಣಗಳು ಇವು. ಮಗು ಹಾಲು, ನೀರು ಕುಡಿಯದು, ಅಥವಾ ಕುಡಿದುದೆಲ್ಲವನ್ನೂ ವಾಂತಿ ಮಾಡುತ್ತದೆ. ಎಬ್ಬಿಸಿದರೂ ಸರಿಯಾಗಿ ಏಳದು. ಫಿಟ್ಸ್ ಬರುತ್ತದೆ. ಉಸಿರೆಳೆದಾಗ ಎದೆಯ ಕೆಳಭಾಗ ಒಳಸೇರುತ್ತದೆ. ಚರ್ಮ ಬಿಳಿಚಿಕೊಳ್ಳುತ್ತದೆ ಅಥವಾ ನೀಲಿಗಟ್ಟುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ಕಡಿಮೆಯಾಗುತ್ತದೆ. ಒತ್ತಿದರೂ ಮಾಯವಾಗದ ಕೆಂಪು ಅಥವಾ ನೇರಳೆ ಕಲೆಗಳು ಮೂಡಬಹುದು. ಎರಡು ತಿಂಗಳೊಳಗಿನ ಶಿಶುವಿಗೆ ಜ್ವರವಷ್ಟೇ ಅಲ್ಲ, ಮೈ ತಣ್ಣಗಾಗುವುದೂ ಅಪಾಯವೇ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಮನೆಯಲ್ಲಿ ಉಳಿದ ಹಳೆಯ ಮಾತ್ರೆ ಕೊಟ್ಟು ನೋಡಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಧಾವಿಸಬೇಕು.

ಉಸಿರನ್ನು ಎಣಿಸುವುದನ್ನೂ ಕಲಿಯಿರಿ. ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಅಲ್ಲಿ ನಿಂತಾಗ ಪದಕ್ಕೆ ಪದವನ್ನಿಟ್ಟು ಅನುವಾದಿಸಬೇಡಿ, ಕಂಡದ್ದನ್ನು ಹೇಳಿರಿ: 'ಬಿಡ್ಡ ಪಾಲು ತಾಗಡಂ ಲೇದು', ನಿಮಿಷಕ್ಕೆ ಇಷ್ಟು ಉಸಿರು, ಇಷ್ಟು ಹೊತ್ತಿನಿಂದ. 'ಮಗು ಎಂದಿನಂತಿಲ್ಲ' ಎಂದು ತಾಯಿ ಅಂದರೆ ಆ ಮಾತನ್ನೂ ಬಿಡದೆ ದಾಟಿಸಿರಿ. ಭಾಷೆಯನ್ನು ಓದಿದವರು ಮಾಡಬಹುದಾದ ಕೆಲಸಗಳಲ್ಲಿ ಇದು ಸಣ್ಣದೇನಲ್ಲ.