ರಿಫಂಡ್ ಬರಬೇಕಿತ್ತು, ಹಳೇ ಬಾಕಿಗೆ ಮುರಿದುಕೊಂಡರು: ಈಗೇನು ಮಾಡೋದು?

ರಿಟರ್ನ್ ಹಾಕಿದ್ದೀರಿ, 38,000 ರೂಪಾಯಿ ರಿಫಂಡ್ ಬರಬೇಕು ಅಂದುಕೊಳ್ಳಿ. ಖಾತೆಗೆ ಬಂದದ್ದು 15,600 ಮಾತ್ರ. ಉಳಿದ 22,400 ಎಲ್ಲಿ ಹೋಯ್ತು? ಯಾವುದೋ ಹಳೇ ವರ್ಷದ ತೆರಿಗೆ ಬಾಕಿಗೆ ಜಮಾ ಆಗಿದೆ. ದಿನಸಿ ಅಂಗಡಿಯವರು ಚಿಲ್ಲರೆ ವಾಪಸ್ ಕೊಡುವ ಬದಲು "ಹಳೇ ಲೆಕ್ಕಕ್ಕೆ ಮುರ್ಕೊಂಡೆ" ಅಂತಾರಲ್ಲ, ಹಾಗೆ.

ಇದಕ್ಕೆ ಆಧಾರ 1961ರ ಆದಾಯ ತೆರಿಗೆ ಕಾಯ್ದೆಯ 245ನೇ ಸೆಕ್ಷನ್. ಅಮೆರಿಕದಲ್ಲಿ ಮಕ್ಕಳ ಜೀವನಾಂಶ, ಸರ್ಕಾರಿ ವಿದ್ಯಾರ್ಥಿ ಸಾಲದ ಬಾಕಿಗೂ ರಿಫಂಡ್ ಹಿಡಿದುಕೊಳ್ಳಬಹುದು. ನಮ್ಮ 245 ಅಷ್ಟು ದೂರ ಹೋಗಲ್ಲ, ಅದು ತೆರಿಗೆ ಬಾಕಿಗೆ ಮಾತ್ರ. ಆದರೆ ಒಂದು ಷರತ್ತಿದೆ: ಹಣ ಮುರಿದುಕೊಳ್ಳುವ ಮುಂಚೆ ನಿಮಗೆ ಲಿಖಿತವಾಗಿ ತಿಳಿಸಲೇಬೇಕು.

ಎಡವಟ್ಟಾಗೋದು ಇಲ್ಲೇ. ಆ ತಿಳಿವಳಿಕೆ ಇಮೇಲ್‌ಗೆ ಮತ್ತು ಇ-ಫೈಲಿಂಗ್ ಪೋರ್ಟಲ್‌ಗೆ ಬರುತ್ತೆ. ಅದರಲ್ಲಿ ಕೊಟ್ಟಿರುವ ಗಡುವಿನೊಳಗೆ ನೀವು ಉತ್ತರಿಸದಿದ್ದರೆ ಒಪ್ಪಿದ್ದೀರಿ ಅಂತಲೇ ಲೆಕ್ಕ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಡೀಫಾಲ್ಟ್ ಉತ್ತರ "ಹೌದು". ಹತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ಮಾಡಿಕೊಂಡ ಇಮೇಲ್ ಪೋರ್ಟಲ್‌ನಲ್ಲಿದ್ದರೆ ನೋಟಿಸ್ ಬಂದದ್ದೇ ಗೊತ್ತಾಗಲ್ಲ.

ಪೋರ್ಟಲ್‌ನಲ್ಲಿ ಕಾಣುವ ಬಾಕಿಯೆಲ್ಲ ನಿಜವಾದ ಬಾಕಿ ಅಲ್ಲ. ರಿಟರ್ನ್‌ಗಳನ್ನು ಸಂಸ್ಕರಿಸುವ ಸಿಪಿಸಿ ಇರೋದು ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ, 2009ರಿಂದ. ಅದಕ್ಕೂ ಹಿಂದಿನ ಬಾಕಿಗಳನ್ನು ಅಧಿಕಾರಿಗಳು ತಮ್ಮ ಹಳೇ ದಾಖಲೆಗಳಿಂದ ಅಪ್‌ಲೋಡ್ ಮಾಡಿದರು. ತಪ್ಪು ಬಾಕಿಗಳೂ ಸೇರಿಕೊಂಡವು, ಅವಕ್ಕೆ ಜನರ ರಿಫಂಡ್ ಹೋಯ್ತು. 2013ರಲ್ಲಿ ದೆಹಲಿ ಹೈಕೋರ್ಟ್ ಇದನ್ನು ತಾನಾಗೇ ಕೈಗೆತ್ತಿಕೊಂಡು, ಮುಂಚಿತವಾಗಿ ತಿಳಿಸಿ ಉತ್ತರ ಕೇಳದೆ ಮುರಿದುಕೊಳ್ಳುವಂತಿಲ್ಲ ಅಂತ ಹೇಳಿತು. 2024ರ ಮಧ್ಯಂತರ ಬಜೆಟ್‌ನಲ್ಲಿ ಸರ್ಕಾರವೇ ಸಣ್ಣ ಹಳೇ ಬಾಕಿಗಳನ್ನು ಮನ್ನಾ ಮಾಡಿತು: 2009-10ರವರೆಗಿನವು 25,000 ರೂ. ತನಕ, 2010-11ರಿಂದ 2014-15ರವು 10,000 ರೂ. ತನಕ.

ಸಂಬಳದಾರರಿಗೆ ಹೆಚ್ಚು ನೋವಾಗೋದು ಇನ್ನೊಂದು ಕಡೆ. ಕಂಪನಿ ಸಂಬಳದಿಂದ ಟಿಡಿಎಸ್ ಹಿಡಿಯಿತು, ಸರ್ಕಾರಕ್ಕೆ ಕಟ್ಟಲಿಲ್ಲ, ಬಾಗಿಲು ಮುಚ್ಚಿತು. 26ಎಎಸ್‌ನಲ್ಲಿ ಆ ಹಣ ಕಾಣಲ್ಲ, ಬಾಕಿ ನಿಮ್ಮ ತಲೆ ಮೇಲೆ. ಕಾಯ್ದೆಯ 205ನೇ ಸೆಕ್ಷನ್ ಪ್ರಕಾರ, ನಿಮ್ಮಿಂದ ಒಮ್ಮೆ ಹಿಡಿದ ತೆರಿಗೆಯನ್ನು ಮತ್ತೆ ನಿಮ್ಮಿಂದಲೇ ಕೇಳುವಂತಿಲ್ಲ. ರಿಫಂಡ್‌ನಿಂದ ಮುರಿದುಕೊಳ್ಳುವುದೂ ಸುತ್ತುಬಳಸಿ ಕೇಳಿದ ಹಾಗೇ, ಅದೂ ಕೂಡದು ಅಂತ 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಅದಕ್ಕೇ ಫಾರ್ಮ್ 16, ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಯಾವತ್ತೂ ಎಸೆಯಬೇಡಿ. ತೆರಿಗೆ ಹಿಡಿದದ್ದಕ್ಕೆ ಅವೇ ಸಾಕ್ಷಿ.

ಸರಿ, ನೋಟಿಸ್ ಬಂತು. ಏನು ಮಾಡಬೇಕು?

ಮೊದಲು ಯಾವ ವರ್ಷದ್ದು, ಯಾಕೆ ಅಂತ ನೋಡಿ. ಆಮೇಲೆ ಪೋರ್ಟಲ್‌ನಲ್ಲಿ ಬಾಕಿಗೆ ಉತ್ತರಿಸುವ ಪುಟಕ್ಕೆ ಹೋಗಿ. "ಸರಿ ಇದೆ" ಅಂತ ಒಮ್ಮೆ ಒತ್ತಿದರೆ ಹಿಂದೆ ಬರೋಕೆ ಆಗಲ್ಲ, ಹುಷಾರು. ಬಾಕಿ ತಪ್ಪಾಗಿದ್ದರೆ "ಒಪ್ಪೋದಿಲ್ಲ" ಆರಿಸಿ, ಪೂರ್ತಿಯೋ ಭಾಗಶಃವೋ ಹೇಳಿ, ಚಲನ್ ಅಥವಾ ಆದೇಶದ ಪ್ರತಿ ಲಗತ್ತಿಸಿ. ಅದು ನಿಮ್ಮ ವ್ಯಾಪ್ತಿಯ ಅಧಿಕಾರಿಗೆ ಹೋಗುತ್ತೆ. ಅವರು 21 ದಿನದಲ್ಲಿ ಸಿಪಿಸಿಗೆ ಉತ್ತರ ಕೊಡಬೇಕು ಅಂತ 2022ರ ಸೂಚನೆ ಇದೆ.

ಹೊರನಾಡಿನವರಿಗೆ ಒಂದು ಮಾತು. ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಪ್ಯಾನ್ ಮಾಡಿಸಿ ಪುಣೆಗೋ ಚೆನ್ನೈಗೋ ಬಂದಿದ್ದರೆ ನಿಮ್ಮ ಅಧಿಕಾರಿ ಇನ್ನೂ ಅಲ್ಲೇ ಇರಬಹುದು. ಪ್ಯಾನ್ ಸಂಖ್ಯೆ ಹಾಕಿದರೆ ಪೋರ್ಟಲ್‌ನಲ್ಲೇ ಗೊತ್ತಾಗುತ್ತೆ.

ಬಾಕಿ ನಿಜವೇ ಆಗಿದ್ದರೆ ಬೇಗ ಕಟ್ಟಿಬಿಡಿ. ಬಾಕಿಗೆ ನೀವು ಕೊಡೋ ಬಡ್ಡಿ ತಿಂಗಳಿಗೆ ಶೇ. 1, ರಿಫಂಡ್‌ಗೆ ಅವರು ಕೊಡೋದು ಶೇ. 0.5.

ಇವತ್ತು ರಾತ್ರಿ ಹತ್ತು ನಿಮಿಷ ಕೊಡಿ. ಲಾಗಿನ್ ಆಗಿ ಇಮೇಲ್, ಫೋನ್ ನಂಬರ್ ಸರಿ ಇದೆಯಾ, ಹಳೇ ಬಾಕಿ ಏನಾದ್ರೂ ಕಾಣ್ತಿದೆಯಾ ನೋಡಿ. ಊರಲ್ಲಿರೋ ಅಪ್ಪ ಅಮ್ಮನ ಖಾತೆಯನ್ನೂ ನೋಡಿ. ಅವರ ರಿಟರ್ನ್ ನೀವೇ ಹಾಕ್ತಿದ್ರೆ ಅವರ ನೋಟಿಸ್ ಓದೋರೂ ನೀವೇ.