ವಿಕ್ರಮವೋ ವಿಕೃತಿಯೋ: ಶಾಸನದ 3ಡಿ ಕೆಲಸಕ್ಕೆ ರ್‍ಯಾಮ್ ಆರಿಸುವ ಬಗೆ

"ಸಾರ್, ಶಾಸನದ 3ಡಿ ಮಾಡೋಕೆ ಎಂಥ ಕಂಪ್ಯೂಟರ್ ತಗೋಬೇಕು?" ಈಚೆಗೆ ಈ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನರಿನಿಂದ ದಾಖಲಿಸುತ್ತಿರುವುದನ್ನು ನೋಡಿದ ಮೇಲೆ ನಾವೂ ಮಾಡೋಣ ಅನ್ನಿಸುವುದು ಸಹಜ. ಆದರೆ ನಮ್ಮಂಥ ಹವ್ಯಾಸಿಗಳ ಬಳಿ ಇರುವುದು ಒಂದು ಕ್ಯಾಮೆರಾ, ಮನೆಯಲ್ಲೊಂದು ಡೆಸ್ಕ್‌ಟಾಪ್. ಕ್ಯಾಮೆರಾ ಬಗ್ಗೆ ಎಲ್ಲರೂ ಮಾತಾಡ್ತಾರೆ, ರ್‍ಯಾಮ್ ಬಗ್ಗೆ ಯಾರೂ ಮಾತಾಡಲ್ಲ. ಅದನ್ನು ಕಡೆಗಣಿಸಿದ್ದಕ್ಕೆ ನಾನು ಒಬ್ಬ ವೀರನ ಸಾವನ್ನು 10 ವರ್ಷ ಹಿಂದಕ್ಕೆ ಹಾಕಿಬಿಟ್ಟಿದ್ದೆ.

ಅದೊಂದು ತುರುಗೋಳಿನ ವೀರಗಲ್ಲು, ಸುಮಾರು ಒಂದೂವರೆ ಮೀಟರ್ ಎತ್ತರ. ಮೊದಲ ಸಾಲಿನಲ್ಲಿ ಹೊಯ್ಸಳ ಮೂರನೆಯ ನರಸಿಂಹನ ಹೆಸರಿದೆ. ಶಕವರ್ಷದ ಅಂಕಿಗಳು ಚಕ್ಕೆ ಎದ್ದು ಹೋಗಿವೆ. ಸಂವತ್ಸರದ ಹೆಸರಿನಲ್ಲಿ "ವಿ" ಸ್ಪಷ್ಟವಾಗಿದೆ, ಮುಂದಿನ "ಕ"ದ ಕೆಳಗೆ ರಕಾರದ ಒತ್ತು ಕಾಣುತ್ತದೆ, ಮೂರನೆಯ ಅಕ್ಷರ ಇಲ್ಲವೇ ಇಲ್ಲ. ನಾನು 80 ಫೋಟೋ ತೆಗೆದು, ಮನೆಗೆ ಬಂದು 3ಡಿ ಮಾದರಿ ಮಾಡಿ, "ವಿಕ್ರಮ ಸಂವತ್ಸರ" ಎಂದು ಓದಿದೆ. ಅಂದರೆ ಶಕ 1202, ಕ್ರಿ.ಶ. 1280-81. ಗೆಳೆಯರಿಗೂ ಪಾಠ ಕಳಿಸಿಬಿಟ್ಟೆ.

ಅವರಲ್ಲಿ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಕಕಾರದ ತಲೆ ಮೇಲೆ ಗುಡಿಸು ಇಲ್ಲ ಅಂತ ಖಚಿತಾನಾ?" ಶಾಸನಗಳಲ್ಲಿ "ವಿಕೃತಿ"ಯನ್ನು "ವಿಕ್ರಿತಿ" ಎಂದು ಬರೆಯುವುದು ಹೊಸದೇನಲ್ಲ. ಗುಡಿಸು ಇದ್ದರೆ ಅದು ವಿಕೃತಿ, ಅಂದರೆ ಶಕ 1212, ಕ್ರಿ.ಶ. 1290-91. ಎರಡೂ ನರಸಿಂಹನ ಆಳ್ವಿಕೆಯೊಳಗೇ ಬರುತ್ತವೆ, ಹಾಗಾಗಿ ಅರಸನ ಹೆಸರಿನಿಂದ ಇತ್ಯರ್ಥವಾಗುವುದಿಲ್ಲ. ನನ್ನ ಮಾದರಿಯಲ್ಲಿ ಆ ಜಾಗ ನುಣ್ಣಗೆ ಕಾಣುತ್ತಿತ್ತು. ಕಲ್ಲನ್ನೇ ನೋಡೋಣ ಎಂದು ಮತ್ತೆ ಊರಿಗೆ ಹೋದೆ. ಅಷ್ಟರಲ್ಲಿ ಗುಡಿಯ ಜೀರ್ಣೋದ್ಧಾರವಾಗಿತ್ತು. ವೀರಗಲ್ಲನ್ನು ಜಗಲಿಗೆ ಸೇರಿಸಿ, ಸಿಮೆಂಟ್ ಮೆತ್ತಿ, ಮೇಲೆ ದಪ್ಪಗೆ ಎನಾಮಲ್ ಬಣ್ಣ ಬಳಿದಿದ್ದರು. ಇನ್ನು ಉಳಿದದ್ದು ನನ್ನ 80 ಫೋಟೋ ಮಾತ್ರ.

ಮಾದರಿ ನುಣ್ಣಗಾದದ್ದು ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ. ಚಿತ್ರದ ಉದ್ದ ಬದಿಯಲ್ಲಿ 6000 ಪಿಕ್ಸೆಲ್. ಅದರಲ್ಲಿ ಒಂದೂವರೆ ಮೀಟರ್ ಕಲ್ಲು ಹಿಡಿಸಿದರೆ ಒಂದು ಪಿಕ್ಸೆಲ್‌ಗೆ 0.25 ಮಿ.ಮೀ. ಸವೆದ ಅಕ್ಷರ ಹಿಡಿಯಲು ಇದು ಪರವಾಗಿಲ್ಲ. ಆದರೆ ನನ್ನ ಯಂತ್ರದಲ್ಲಿದ್ದದ್ದು 8 ಜಿಬಿ ರ್‍ಯಾಮ್. ಮೆಟಾಶೇಪ್‌ನಲ್ಲಿ "ಹೈ" ಗುಣಮಟ್ಟ ಕೊಟ್ಟರೆ ಮೆಮೊರಿ ಸಾಲದು ಎಂದು ನಿಂತುಬಿಡುತ್ತಿತ್ತು. ಅದಕ್ಕೇ "ಮೀಡಿಯಂ" ಇಟ್ಟೆ. ಮೀಡಿಯಂ ಎಂದರೆ ಚಿತ್ರದ ಉದ್ದ, ಅಗಲ ಎರಡನ್ನೂ 4ರಿಂದ ಭಾಗಿಸಿ ಲೆಕ್ಕ ಮಾಡುವುದು. 16 ಪಿಕ್ಸೆಲ್ ಇದ್ದಲ್ಲಿ 1 ಉಳಿಯುತ್ತದೆ, 0.25 ಮಿ.ಮೀ. ಹೋಗಿ 1 ಮಿ.ಮೀ. ಆಗುತ್ತದೆ. ಅರೆ ಮಿಲಿಮೀಟರ್‌ನಷ್ಟು ಉಳಿದಿದ್ದ ಗುಡಿಸಿನ ಗೀರು ಅಲ್ಲೇ ಕರಗಿಹೋಯಿತು. ಕ್ಯಾಮೆರಾ ಕಂಡದ್ದನ್ನು ನನ್ನ ಕಂಪ್ಯೂಟರ್ ಎಸೆದುಬಿಟ್ಟಿತ್ತು.

ರ್‍ಯಾಮ್ ಅಂದರೆ ಫೈಲ್ ಕೂಡಿಡುವ ಜಾಗವಲ್ಲ. ಅದಕ್ಕೆ ಎಸ್‌ಎಸ್‌ಡಿ ಇದೆ. ಪಡಿಯಚ್ಚು, ಭೂತಗನ್ನಡಿ, ಸಂಪುಟಗಳನ್ನು ಹರಡಿಕೊಳ್ಳುವ ಮೇಜು ಇದ್ದ ಹಾಗೆ ರ್‍ಯಾಮ್, ಎಸ್‌ಎಸ್‌ಡಿ ಕಪಾಟು. ಮೇಜು ಸಾಲದಾದಾಗ ಕಂಪ್ಯೂಟರ್ ಸಾಮಾನನ್ನು ಕಪಾಟಿಗೆ ಇಟ್ಟು ತೆಗೆದು ಮಾಡುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ್‍ಯಾಮ್‌ಗೆ ಸಾಟಿಯಲ್ಲ, ಕೆಲಸ ತೆವಳುತ್ತದೆ, ಇಲ್ಲವೇ ನಿಲ್ಲುತ್ತದೆ. 24 ಮೆಗಾಪಿಕ್ಸೆಲ್‌ನ ಒಂದು ಚಿತ್ರ ಜೆಪೆಗ್ ಆಗಿ 10 ಎಂಬಿ ಇರಬಹುದು. ಬಿಚ್ಚಿ ಹರಡಿದರೆ ಪಿಕ್ಸೆಲ್‌ಗೆ 3 ಬೈಟ್‌ನಂತೆ 72 ಎಂಬಿ. 80 ಚಿತ್ರಕ್ಕೆ 5.76 ಜಿಬಿ. ತಂತ್ರಾಂಶ ಎಲ್ಲವನ್ನೂ ಒಟ್ಟಿಗೇ ಬಿಚ್ಚುವುದಿಲ್ಲ, ನಿಜ. ಆದರೆ ಆಳದ ನಕ್ಷೆಗಳು, ಕೋಟಿಗಟ್ಟಲೆ ಬಿಂದುಗಳು ಇದರ ಮೇಲೆ ಸೇರುತ್ತವೆ. ಬಿಂದುಗಳ ಅಂತರ ಅರ್ಧಕ್ಕಿಳಿದರೆ ಬಿಂದುಗಳು ನಾಲ್ಕು ಪಟ್ಟಾಗುತ್ತವೆ, ಮೆಮೊರಿಯೂ ಹೆಚ್ಚುಕಡಿಮೆ ಹಾಗೆಯೇ ಏರುತ್ತದೆ.

ಹಾಗಾದರೆ ಎಷ್ಟು ಬೇಕು? ಸಂಪುಟಗಳ ಪಿಡಿಎಫ್ ಓದಿ, ಪಾಠ ಟೈಪ್ ಮಾಡುವವರಿಗೆ 8 ಜಿಬಿ ನಡೆಯುತ್ತದೆ, 16 ಆರಾಮ. ಸುಮ್ಮನೆ ದುಡ್ಡು ಸುರಿಯಬೇಡಿ. ಒಂದು ಕಲ್ಲಿನ 3ಡಿ ಮಾಡುವವರು 32 ಜಿಬಿಯಿಂದ ಶುರು ಮಾಡಿ. ಇಡೀ ದೇವಸ್ಥಾನ, ನೂರಾರು ಫೋಟೋ ಅಂದರೆ 64. ಊಹೆ ಬೇಡ ಅನ್ನುವವರು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಕೆಲಸ ನಡೆಯುವಾಗ ಮೆಮೊರಿ ಎಷ್ಟು ತುಂಬುತ್ತದೆ ನೋಡಿ. ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂಬುದನ್ನೂ ಅದು ಅಲ್ಲೇ ತೋರಿಸುತ್ತದೆ.

ಎರಡನೆಯದು ಜಾತಿ. ಡಿಡಿಆರ್4, ಡಿಡಿಆರ್5 ಎರಡರಲ್ಲೂ 288 ಪಿನ್ ಇದ್ದರೂ ಕಚ್ಚಿನ ಜಾಗ ಬೇರೆ. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಬಲವಂತ ಮಾಡಿದರೆ ಮುರಿಯುತ್ತದೆ ಅಷ್ಟೇ. ಎಎಂಡಿಯ ಎಎಂ4 ಬೋರ್ಡಿಗೆ ಡಿಡಿಆರ್4, ಎಎಂ5ಗೆ ಡಿಡಿಆರ್5 ಮಾತ್ರ. ಇಂಟೆಲ್‌ನ 12ರಿಂದ 14ನೇ ಪೀಳಿಗೆಯಲ್ಲಿ ಎರಡೂ ಬಗೆಯ ಬೋರ್ಡುಗಳಿವೆ, ಹಾಗಾಗಿ ಪ್ರೊಸೆಸರ್ ಹೆಸರು ಹೇಳಿ ರ್‍ಯಾಮ್ ತರಬೇಡಿ, ಬೋರ್ಡಿನ ಮಾಡೆಲ್ ಹೇಳಿ. ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿ ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿಗೆ ಆಗಲ್ಲ.

ಮೂರನೆಯದು ಜೋಡಿ. 32 ಬೇಕಿದ್ದರೆ ಒಂದೇ 32ರ ಪಟ್ಟಿಗಿಂತ, ಒಂದೇ ಪೊಟ್ಟಣದಲ್ಲಿ ಬರುವ ಎರಡು 16 ಒಳ್ಳೆಯದು. ಆಗ ಪ್ರೊಸೆಸರ್ ಎರಡು ಚಾನಲ್‌ಗಳಲ್ಲಿ ಒಟ್ಟಿಗೇ ಓದುತ್ತದೆ. ಡಿಡಿಆರ್4-3200ರಲ್ಲಿ ಒಂದು ಚಾನಲ್‌ಗೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ, ಎರಡಕ್ಕೆ 51.2. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು ಬಳಸಬೇಕು. ಕೈಪಿಡಿ ನೋಡಿಯೇ ಹಾಕಿ. ಹಳೆಯ ಪಟ್ಟಿಗೆ ಹೊಸದನ್ನು ಜೊತೆ ಮಾಡಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಕೆಲವೊಮ್ಮೆ ಯಂತ್ರ ಎದ್ದೇಳುವುದೂ ಇಲ್ಲ.

ವೇಗ ಕೊನೆಯದು, ಅಂಗಡಿಯವರು ಮೊದಲು ಹೇಳುವುದೂ ಅದನ್ನೇ. ಪೊಟ್ಟಣದ ಮೇಲೆ ಎರಡು ಅಂಕಿ ಇರುತ್ತವೆ, ವೇಗ ಮತ್ತು ಸಿಎಲ್. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಸಮಯ ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. 3200 ಸಿಎಲ್16, 3600 ಸಿಎಲ್18, 6000 ಸಿಎಲ್30 ಮೂರಕ್ಕೂ ಉತ್ತರ 10. ವೇಗ ಹೆಚ್ಚಾದರೆ ಒಮ್ಮೆಗೆ ಹರಿಯುವ ಮಾಹಿತಿ ಹೆಚ್ಚುತ್ತದೆ, ಸರಿ. ಆದರೆ ಮೇಜು ಚಿಕ್ಕದಾದರೆ ಆ ವೇಗ ಕಟ್ಟಿಕೊಂಡು ಏನು ಮಾಡೋದು? ಕೊಂಡ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ ಅಂಥ ರ್‍ಯಾಮ್ ಪೊಟ್ಟಣದ ಮೇಲಿನ ವೇಗಕ್ಕಿಂತ ಕಡಿಮೆಯಲ್ಲೇ ಓಡುತ್ತಿರುತ್ತದೆ.

ಒಂದು ಮಾತು ಮರೆಯಬೇಡಿ: ಹೊಸ ರ್‍ಯಾಮ್ ಹಾಕಿದ ಮೇಲೆ ಪರೀಕ್ಷೆ ಮಾಡಿ. ನಾನು ತಂದ ಎರಡು 16ರಲ್ಲಿ ಒಂದು ಕೆಟ್ಟದ್ದಿತ್ತು. ಕಂಪ್ಯೂಟರ್ ಚೆನ್ನಾಗೇ ಓಡುತ್ತಿತ್ತು, ಆದರೆ ಮಾದರಿಯಲ್ಲಿ ಎಲ್ಲೆಲ್ಲೋ ಮುಳ್ಳುಗಳು ಏಳುತ್ತಿದ್ದವು, ಪ್ರತಿ ಸಲ ಬೇರೆ ಜಾಗದಲ್ಲಿ. ಮೆಮ್‌ಟೆಸ್ಟ್86+ ಉಚಿತವಾಗಿ ಸಿಗುತ್ತದೆ. ಪೆನ್‌ಡ್ರೈವ್‌ನಿಂದ ಅದನ್ನು ಓಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪರದೆಯ ತುಂಬ ದೋಷದ ಸಾಲುಗಳು. ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಜೋಡಿಯನ್ನೇ ಬದಲಾಯಿಸಿಕೊಂಡೆ. ಇಂಥ ದೋಷ ಸದ್ದಿಲ್ಲದೆ ತಪ್ಪು ಬೆಲೆ ಬರೆದುಬಿಡುತ್ತದೆ. ಕಲ್ಲಿನಲ್ಲಿಲ್ಲದ ಗೀರನ್ನು ನಾವು ಅಕ್ಷರ ಅಂತ ಓದಿಬಿಟ್ಟರೆ?

ಆಮೇಲೆ ಅದೇ 80 ಫೋಟೋಗಳನ್ನು ಮತ್ತೆ ಓಡಿಸಿದೆ. ಇಡೀ ಕಲ್ಲಿಗೆ "ಹೈ", ಸಂವತ್ಸರದ ಸಾಲಿನ ಸುತ್ತ ಮಾತ್ರ ಚೌಕ ಕಟ್ಟಿ "ಅಲ್ಟ್ರಾ ಹೈ". ಹೀಗೆ ಚಿಕ್ಕ ಜಾಗಕ್ಕೆ ಸೀಮಿತ ಮಾಡಿದರೆ ಕಡಿಮೆ ರ್‍ಯಾಮ್‌ನವರಿಗೂ ಕೆಲಸ ಸಾಗಬಹುದು. ಬಣ್ಣ ತೆಗೆದು, ಓರೆ ಬೆಳಕು ಹಾಯಿಸಿದೆ. ಕಕಾರದ ತಲೆ ಮೇಲೆ ತೆಳ್ಳಗೆ, ಆದರೆ ಪೂರ್ತಿಯಾಗಿ, ಗುಡಿಸಿನ ದುಂಡು ಮೂಡಿತು. ಆ ಮುಳ್ಳುಗಳ ಅನುಭವವಾಗಿದ್ದರಿಂದ ಇನ್ನೂ ಎರಡು ಸಲ ಓಡಿಸಿ ನೋಡಿದೆ. ಮೂರೂ ಸಲ ಅದೇ ಜಾಗದಲ್ಲಿ, ಅದೇ ದುಂಡು. ವಿಕ್ರಿತಿ.

ಹಿರಿಯರಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ಪಾಪ, ಆ ವೀರ ಇನ್ನೂ ಹತ್ತು ವರ್ಷ ಬದುಕಿದ್ದ ಅನ್ನಿ" ಅಂದರು. ಮೊದಲು ಪಾಠ ಕಳಿಸಿದ್ದ ಎಲ್ಲರಿಗೂ ತಿದ್ದುಪಡಿ ಕಳಿಸಿದ್ದೇನೆ. ನಿಮ್ಮ ಬಳಿಯೂ ಹಳೆಯ ಫೋಟೋಗಳಿದ್ದರೆ ಅಳಿಸಬೇಡಿ, ಮೂಲ ಗಾತ್ರದಲ್ಲೇ ಇಡಿ. ರ್‍ಯಾಮ್ ಇಂದಲ್ಲ ನಾಳೆ ಕೊಳ್ಳಬಹುದು, ಬಣ್ಣ ಬಳಿದ ಕಲ್ಲು ಹಾಗೆ ವಾಪಸ್ ಸಿಗುವುದಿಲ್ಲ.