ತಿರುವಿಗೊಂದು ಹಾರ್ನ್, ಟೈಮಿಂಗಿಗೊಂದು ಹಾರ್ನ್

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಾರ್ನ್ ಹೊಡೆಯದೆ ಬಂದವನಿಗೆ ಬೈಯುತ್ತೇವೆ, ಬಿ.ಸಿ.ರೋಡಿನಲ್ಲಿ ಹೊಡೆದವನಿಗೆ ಬೈಯುತ್ತೇವೆ. ಎರಡೂ ಬೈಗುಳ ನ್ಯಾಯವಾದವೇ. ಬಂಟ್ವಾಳದಿಂದ ಪುಂಜಾಲಕಟ್ಟೆಯಾಗಿ ಬೆಳ್ತಂಗಡಿಗೆ ಒಂದು ದಾರಿ. ಗುರುವಾಯನಕೆರೆಯಲ್ಲಿ ತಿರುಗಿದರೆ ವೇಣೂರು ದಾಟಿ ಮೂಡುಬಿದಿರೆಗೆ ಇನ್ನೊಂದು. ಅಲ್ಲಿಂದ ಸಿದ್ಧಕಟ್ಟೆಯಾಗಿ ಮರಳಿ ಬಂಟ್ವಾಳಕ್ಕೆ ಮತ್ತೊಂದು. ಈ ತ್ರಿಕೋನದಲ್ಲಿ ಮುರಕಲ್ಲಿನ ಬರೆ ಕಡಿದು ಮಾಡಿದ ತಿರುವುಗಳಿವೆ, ರಸ್ತೆಗೇ ಬಾಯಿ ತೆರೆಯುವ ತೋಟದ ಗೇಟುಗಳಿವೆ, ಮಳೆಗಾಲದಲ್ಲಿ ನಡುಹಗಲಿನಲ್ಲೂ ಎದುರಿನ ಗಾಡಿ ಕಾಣದ ಜಾಗಗಳಿವೆ. ಹಾರ್ನ್ ಬೇಡವೇ ಬೇಡ ಎನ್ನುವವರು ಇಲ್ಲಿ ಒಂದು ವಾರ ಕಾರು ಓಡಿಸಿ ನೋಡಲಿ.

ಕಾನೂನು ಕೂಡ ಹಾರ್ನ್ ಬೇಡ ಎನ್ನುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 119ನೇ ನಿಯಮದ ಪ್ರಕಾರ ಗಾಡಿ ಬರುತ್ತಿದೆ ಎಂದು ಸಾಕಷ್ಟು ಎಚ್ಚರಿಸುವ ಹಾರ್ನ್ ಪ್ರತಿ ವಾಹನಕ್ಕೂ ಇರಲೇಬೇಕು. ಹೊಸ ಗಾಡಿಯ ಹಾರ್ನನ್ನು ಪರೀಕ್ಷಿಸುವಾಗ 7 ಮೀಟರ್ ಮುಂದೆ ಮೈಕ್ ಇಟ್ಟು ಅಳೆಯುತ್ತಾರೆ. ಕಾರಿನದ್ದಾದರೆ ಅಲ್ಲಿ 93 ಡೆಸಿಬೆಲ್‌ಗಿಂತ ಕಡಿಮೆ ಇರಬಾರದು, 112 ಮೀರಬಾರದು. ಮೇಲಿನ ಮಿತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕೆಳಗಿನದ್ದರ ಬಗ್ಗೆ ಯಾರೂ ಇಲ್ಲ. ನಾಲ್ಕು ಮಳೆಗಾಲ ಕಂಡು ನೆಗಡಿ ಹಿಡಿದಂತೆ ಗೊರಗುಡುವ ಹಾರ್ನ್ ಇಟ್ಟುಕೊಂಡು ಘಾಟಿ ಹತ್ತುವವನೂ ನಿಯಮದ ಹೊರಗೇ ಇದ್ದಾನೆ.

119ನೇ ನಿಯಮದಲ್ಲೇ ಇನ್ನೊಂದು ಮಾತಿದೆ. ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್, ಅತಿ ಕರ್ಕಶವಾದ, ಕಿವಿ ಸೀಳುವ, ಗಾಬರಿ ಹುಟ್ಟಿಸುವ ಸಾಧನ ಯಾವುದನ್ನೂ ಅಳವಡಿಸುವಂತಿಲ್ಲ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ವಾಹನಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅಂದರೆ ರಸ್ತೆ ಬದಿಯಲ್ಲಿ ತಡೆದ ಪೊಲೀಸರ ಬಳಿ ಡೆಸಿಬೆಲ್ ಮೀಟರ್ ಇಲ್ಲದಿದ್ದರೂ ಸಿನಿಮಾ ಹಾಡಿನ ರಾಗ ಹೊರಡಿಸುವ ಹಾರ್ನ್ ಬಚಾವಾಗುವುದಿಲ್ಲ. ಕೇಂದ್ರ ಸಚಿವ ನಿತಿನ್ ಗಡ್ಕರಿ 2021ರಲ್ಲಿ ಹಾರ್ನ್‌ಗಳಿಗೆ ಕೊಳಲು, ತಬಲಾ, ಪಿಟೀಲಿನ ದನಿ ಕೊಡುವ ಮಾತಾಡಿದ್ದರು. ನಮ್ಮ ಕಡೆಗೆ ಬರುವಾಗ ಅದು ಚೆಂಡೆಯೇ ಆದೀತು. ಯಕ್ಷಗಾನದ ಆಟ ಮುಗಿಸಿ ಅರೆನಿದ್ದೆಯಲ್ಲಿ ಮನೆಗೆ ಹೊರಟವರು ರಸ್ತೆಯಲ್ಲೇ ಎದ್ದು ಕೂರುವುದು ಖಂಡಿತ.

ಈಗ ಅಂಗಡಿಗೆ ಬರೋಣ. ಕಡಿಮೆ ಬೆಲೆಯ ಕಾರುಗಳಿಗೆ ಕಂಪನಿಯಿಂದ ಬರುವುದು ಹೆಚ್ಚಾಗಿ ಒಂದೇ ಬಿಲ್ಲೆ ಹಾರ್ನ್. ಅದರ ಪೀಂ ಎಂಬ ದನಿ ಲಾರಿಯ ಕ್ಯಾಬಿನ್ನಿಗೆ ಮುಟ್ಟುವುದಿಲ್ಲ ಎಂಬ ದೂರು ಸುಳ್ಳಲ್ಲ. ಹಾಗಾಗಿ ಕಾರು ಕೊಂಡ ತಿಂಗಳೊಳಗೆ ಶಂಖದಾಕಾರದ ಜೋಡಿ ಹಾರ್ನ್ ಹಾಕಿಸುವವರಿದ್ದಾರೆ. ತಪ್ಪೇ? ಲೆಕ್ಕ ಹಾಕಿ ನೋಡಿ. ಒಳ್ಳೆಯ ಕಂಪನಿಯ ಡಬ್ಬದ ಮೇಲೆ ಕಾಣುವ 118 ಡೆಸಿಬೆಲ್ ಎಂಬುದು 2 ಮೀಟರ್ ದೂರದ ಅಳತೆ. ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ, 7 ಮೀಟರ್ ತಲುಪುವಾಗ ಸುಮಾರು 107 ಉಳಿಯುತ್ತದೆ. ಎರಡು ಹಾರ್ನ್ ಒಟ್ಟಿಗೆ ಕೂಗಿದರೆ ಸದ್ದಿನ ಅಂಕಿ ದುಪ್ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಕೂಡಿ 110 ಆಗುತ್ತದೆ. ಇನ್ನೂ 112ರೊಳಗೇ ಇದ್ದೇವೆ. ಎರಡು ಸ್ವರ ಏಕಕಾಲಕ್ಕೆ ಹೊರಟರೆ ಅದು ನಿಯಮ ಬೇಡವೆಂದ ಸ್ವರಮಾಲೆಯೂ ಅಲ್ಲ. ಎಷ್ಟು ದೂರದಲ್ಲಿ ಅಳೆದದ್ದು ಎಂದು ಬರೆಯದೆ 150 ಡೆಸಿಬೆಲ್ ಎಂದು ಕೂಗುವ ಡಬ್ಬವನ್ನು ಮಾತ್ರ ಅಲ್ಲೇ ಬಿಟ್ಟು ಬರಬೇಕು.

ಜೋಡಿ ಹಾರ್ನ್ ಹಾಕಿಸುವವರು ಸದ್ದಿನ ಅಂಕಿಗಿಂತ ವೈರಿಂಗ್ ನೋಡಬೇಕು. ಒಂದೊಂದು ಹಾರ್ನ್ ಸುಮಾರು 5 ಆಂಪಿಯರ್ ಎಳೆಯುತ್ತದೆ. ಒಂದೇ ಹಾರ್ನಿಗೆಂದು ಎಳೆದ ತೆಳು ವೈರಿಗೆ ಎರಡನ್ನೂ ಸಿಕ್ಕಿಸಿದರೆ ವೋಲ್ಟೇಜ್ ಇಳಿದು ಹೊಸ ಹಾರ್ನೂ ಹಳೆಯದರಂತೆ ನರಳುತ್ತದೆ, ಸ್ಟಿಯರಿಂಗಿನ ಸ್ವಿಚ್ಚು ಸುಡುವುದೂ ಉಂಟು. ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ವೈರ್ ತಂದು, ನಡುವೆ ರಿಲೇ ಕೂರಿಸಿ, ಹಳೆಯ ವೈರಿಗೆ ರಿಲೇಯನ್ನು ಎಬ್ಬಿಸುವ ಕೆಲಸವಷ್ಟೇ ಉಳಿಸಬೇಕು. ಕಂಪನಿಯ ವೈರ್ ಕತ್ತರಿಸಿದರೆ ವಾರಂಟಿಗೆ ತಕರಾರು ಬರುತ್ತದೆ, ಕಪ್ಲರ್ ಇರುವ ಕಿಟ್ ಕೇಳಿ. ವರ್ಷಕ್ಕೆ ಹತ್ತಿರಹತ್ತಿರ 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಹಾರ್ನಿನ ಬಾಯಿ ಕೆಳಮುಖವಾಗಿರುವುದು ಮುಖ್ಯ. ಮೇಲ್ಮುಖವಾಗಿ ಕೂರಿಸಿದರೆ ನೀರು ನಿಂತು ಒಳಗಿನ ತಗಡು ತುಕ್ಕು ಹಿಡಿಯುತ್ತದೆ.

ಘಾಟಿಯಲ್ಲಿ ಕೆಲಸಕ್ಕೆ ಬರುವ ಸ್ವರ ಯಾವುದು? ಕಡಿಮೆ ಕಂಪನಾಂಕದ ಗಂಭೀರ ದನಿ. ಜೋಡಿಯಲ್ಲಿ ಒಂದು ಹಾರ್ನ್ ಸುಮಾರು 400 ಹರ್ಟ್ಸ್, ಇನ್ನೊಂದು 500ರ ಆಸುಪಾಸು ಇರುತ್ತದೆ. ದನಿ ತಗ್ಗಿದಷ್ಟೂ ಅದು ಬರೆಯ ಮೂಲೆಯನ್ನು ಬಳಸಿಕೊಂಡು ಆಚೆ ಹೋಗುತ್ತದೆ. ಸಿಳ್ಳೆಯಂಥ ಕೀಚಲು ದನಿ ಹೆಚ್ಚಾಗಿ ನೇರಕ್ಕೆ ಚಿಮ್ಮಿ ಮೂಲೆಯಲ್ಲೇ ಸೋಲುತ್ತದೆ. ಹಾಗಾಗಿ ತಿರುವಿಗೆ ಬೇಕೆಂಬ ನೆಪದಲ್ಲಿ ಹಾಕಿಸುವ ಕರ್ಕಶ ಹಾರ್ನ್ ತಿರುವಿನಾಚೆಯವನಿಗಿಂತ ಮುಂದಿರುವ ಸ್ಕೂಟರಿನವನನ್ನೇ ಬೆಚ್ಚಿಬೀಳಿಸುತ್ತದೆ. 7 ಮೀಟರಿನಲ್ಲಿ 112 ಇರುವ ಸದ್ದು ಅವನ ಕಿವಿಗೆ, 2 ಮೀಟರ್ ದೂರದಲ್ಲಿ, ಹತ್ತಿರಹತ್ತಿರ 123. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತ ಹೋಗಿ 112ಕ್ಕೆ ಒಂದು ನಿಮಿಷವೂ ಉಳಿಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವರು, ಟ್ರಾಫಿಕ್ ನೋಡುವ ಹೋಂಗಾರ್ಡ್‌ಗಳು ಆ ನಿಮಿಷವನ್ನು ಬೆಳಗ್ಗೆಯೇ ಮುಗಿಸಿರುತ್ತಾರೆ. ಕ್ಲಾಕ್ಸನ್ ಎಂಬ ಅರಚುವ ಹಾರ್ನನ್ನು 1908ರ ಹೊತ್ತಿಗೆ ರೂಪಿಸಿದ ಮಿಲ್ಲರ್ ರೀಸ್ ಹಚಿಸನ್ ಅದಕ್ಕೂ ಮೊದಲು ಕಿವುಡರಿಗೆಂದು ವಿದ್ಯುತ್ ಶ್ರವಣ ಸಾಧನ ಮಾಡಿದವನು. ವ್ಯಾಪಾರ ಎರಡೂ ಕಡೆ!

ಆದರೆ ನಮ್ಮ ರಸ್ತೆಗಳ ಕಿವಿಗಡಚಿಕ್ಕುವ ಸದ್ದಿನಲ್ಲಿ ಕಾರುಗಳದ್ದು ಸಣ್ಣ ಪಾಲು. ದೊಡ್ಡ ಪಾಲು ಬಸ್ಸುಗಳದ್ದು, ಟಿಪ್ಪರ್‌ಗಳದ್ದು. ಅವುಗಳಲ್ಲಿ ಬ್ರೇಕಿಗೆಂದು ಗಾಳಿ ತುಂಬಿದ ಟ್ಯಾಂಕು ಇದ್ದೇ ಇರುತ್ತದೆ, ಒಂದು ಪೈಪು ಎಳೆದರೆ ಏರ್ ಹಾರ್ನ್ ತಯಾರು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಹಿರಿಯರು ಈಗಲೂ ನೆನೆಯುವ ಸಿಪಿಸಿ, ಶುರುವಾದದ್ದು 1914ರಲ್ಲಿ. ಖಾಸಗಿ ಬಸ್ಸಿಲ್ಲದೆ ಈ ಜಿಲ್ಲೆಯ ಬದುಕು ಅಂದಿನಿಂದಲೂ ನಡೆದಿಲ್ಲ. ಅದನ್ನು ಹಳಿಯುವ ಉದ್ದೇಶ ನನಗಿಲ್ಲ. ಮುಂದಿನ ಬಸ್ಸು ಐದು ನಿಮಿಷ ತಡವಾಗಿ ಹೊರಟರೆ ಸ್ಟಾಪಿನ ಜನರೆಲ್ಲ ಅದಕ್ಕೇ ಹತ್ತುತ್ತಾರೆ, ಹಿಂದಿನ ಬಸ್ಸಿಗೆ ಕಲೆಕ್ಷನ್ ಖೋತಾ. ಕಂಡಕ್ಟರ್ 'ರೈಟ್ ಪೋಯಿ' ಎಂದು ಮುಗಿಸುವ ಮೊದಲೇ ಹಾರ್ನ್ ಮೊಳಗುವುದು ಇದಕ್ಕೆ. ಅದು ಎಚ್ಚರಿಕೆಯಲ್ಲ, ದಾರಿ ಕೊಡು ಎಂಬ ಅಪ್ಪಣೆ.

ಶಿಕ್ಷೆ ಕಾಗದದಲ್ಲಿ ಕಡಿಮೆಯೇನಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್ ಶಬ್ದದ ಮಾನದಂಡ ಮೀರಿದ ಗಾಡಿ ಓಡಿಸಿದವನಿಗೆ ಮೂರು ತಿಂಗಳ ತನಕ ಜೈಲು, 10,000 ರೂಪಾಯಿ ತನಕ ದಂಡ ಅಥವಾ ಎರಡನ್ನೂ ಹೇಳುತ್ತದೆ. ಲೈಸೆನ್ಸಿಗೂ ಮೂರು ತಿಂಗಳ ಕುತ್ತು. ಹಾರ್ನ್ ಸರಿಯಾದದ್ದೇ ಇದ್ದು ಸುಮ್ಮಸುಮ್ಮನೆ ಹೊಡೆದರೆ 194ಎಫ್ ಪ್ರಕಾರ 1,000, ಮರುಕಳಿಸಿದರೆ 2,000. ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ ಮಾಡಲು ಶಬ್ದ ಮಾಲಿನ್ಯ ನಿಯಮ ಅವಕಾಶ ಕೊಟ್ಟಿದೆ. ಅಲ್ಲೂ, ರಾತ್ರಿ 10ರಿಂದ ಬೆಳಗ್ಗೆ 6ರ ತನಕ ವಸತಿ ಪ್ರದೇಶದಲ್ಲೂ ಸಾರ್ವಜನಿಕ ತುರ್ತು ಇಲ್ಲದೆ ಹಾರ್ನ್ ಮಾಡುವಂತಿಲ್ಲ. ಕಾಲೇಜುಗಳೇ ಊರಾಗಿರುವ ಉಜಿರೆಯಲ್ಲಿ, ಮೂಡುಬಿದಿರೆಯಲ್ಲಿ ಆ 100 ಮೀಟರ್‌ಗಳನ್ನು ಸೇರಿಸುತ್ತ ಹೋದರೆ ಪೇಟೆಯಲ್ಲಿ ಹಾರ್ನ್ ಹೊಡೆಯಲು ಜಾಗವೇ ಸಿಕ್ಕದು.

ಪೊಲೀಸರು ಆಗಾಗ ಕಾರ್ಯಾಚರಣೆ ಮಾಡುತ್ತಾರೆ. ಮೂಡುಬಿದಿರೆ ಮಂಗಳೂರು ಕಮಿಷನರೇಟಿಗೆ ಸೇರಿದ್ದು, ಬಂಟ್ವಾಳ, ಬೆಳ್ತಂಗಡಿ ಜಿಲ್ಲಾ ಎಸ್‌ಪಿ ವ್ಯಾಪ್ತಿಯವು; ಸಿದ್ಧಕಟ್ಟೆ ದಾರಿಯ ಒಂದೇ ಬಸ್ಸು ಎರಡು ಪೊಲೀಸ್ ವ್ಯಾಪ್ತಿಗಳಲ್ಲಿ ಓಡುತ್ತದೆ. ಹಾರ್ನ್ ಕಳಚಿ ಫೋಟೊ ತೆಗೆದ ಮೇಲೂ ಪೈಪು ಅಲ್ಲೇ ಇರುತ್ತದೆ, ಹೊಸ ಹಾರ್ನ್ ಸಿಕ್ಕಿಸಲು ಅರ್ಧ ಗಂಟೆ ಸಾಕು. ಕೆಲವು ವರ್ಷಗಳ ಹಿಂದೆ ಮುಂಬೈ ಪೊಲೀಸರು ಪ್ರಯೋಗಕ್ಕೆಂದು ಸಿಗ್ನಲ್ಲಿಗೆ ಡೆಸಿಬೆಲ್ ಮೀಟರ್ ಜೋಡಿಸಿ, ಸದ್ದು 85 ದಾಟಿದರೆ ಕೆಂಪು ದೀಪ ಮತ್ತೆ ಮೊದಲಿಂದ ಶುರುವಾಗುವಂತೆ ಮಾಡಿದ್ದರು. ಸಿಗ್ನಲ್ಲೇ ಅಪರೂಪವಾದ ನಮ್ಮ ಪೇಟೆಗಳಿಗೆ ಅದು ಹೊಂದುವುದಿಲ್ಲ.

ನನಗೆ ಕಾಣುವ ಮದ್ದು ಬೇರೆ ಕಡೆ ಇದೆ. ಯಾವ ಬಸ್ಸು ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕು ಎಂಬುದು ಪರ್ಮಿಟ್ಟಿನಲ್ಲೇ ಇರುತ್ತದೆ. ಅದನ್ನು ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಪುಂಜಾಲಕಟ್ಟೆಯಿಂದ ಚಾರ್ಮಾಡಿಯ ತನಕ, ಮಂಗಳೂರಿನಿಂದ ಮೂಡುಬಿದಿರೆ ಕಡೆಗೆ ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಅಗೆದ ರಸ್ತೆಯಲ್ಲಿ ಬಸ್ಸುಗಳು ವರ್ಷಗಟ್ಟಲೆ ತೆವಳಿವೆ. ಅಗೆಯುವ ಮೊದಲು ಬರೆದ ಟೈಮಿಂಗನ್ನು ಹಿಡಿದುಕೊಂಡು ಡ್ರೈವರ್ ಏನು ಮಾಡಬೇಕು? ಈಗ ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ನಿಜಕ್ಕೂ ಎಷ್ಟು ನಿಮಿಷ ಬೇಕು, ಎರಡು ಬಸ್ಸುಗಳ ನಡುವೆ ಎಷ್ಟು ಅಂತರ ಇಡಬಹುದು ಎಂದು ಪ್ರಾಧಿಕಾರದ ಸಭೆಯಲ್ಲಿ ಬಸ್ ಮಾಲಕರೂ ಪ್ರಯಾಣಿಕರೂ ಕೇಳಬಹುದು. ಅದಕ್ಕೆ ಡೆಸಿಬೆಲ್ ಮೀಟರ್ ಬೇಡ, ಒಂದು ಗಡಿಯಾರ ಸಾಕು.